ಎಪಿಡ್ಯೂರಲ್ ಹಾಕಿದರೂ ಒಂದೇ ಬದಿ ನೋವು ಹೋಗಿದ್ದೇಕೆ?

ಪ್ರಶ್ನೆ: ಹೆರಿಗೆಯಲ್ಲಿ ನನ್ನ ಹೆಂಡತಿಯ ಬೆನ್ನಿಗೆ ಎಪಿಡ್ಯೂರಲ್ ಕ್ಯಾಥೆಟರ್ (ನೋವು ತಗ್ಗಿಸುವ ಔಷಧ ಹರಿಸುವ ಸಣ್ಣ ನಳಿಕೆ) ಹಾಕಿದ್ದರು. ಬಲಗಡೆ ಮರಗಟ್ಟಿತು, ಎಡಗಡೆ ನೋವು ಹಾಗೇ ಇತ್ತು. ಡಾಕ್ಟರು ನಳಿಕೆಯನ್ನು ಸ್ವಲ್ಪ ಹೊರಗೆಳೆದು ಔಷಧ ಕೊಟ್ಟ ಮೇಲೆ ಸರಿಹೋಯಿತು. ಮೊದಲು ಹಾಕಿದ್ದೇ ತಪ್ಪಾಗಿತ್ತೇ? ಎಳೆಯುವಾಗ ಒಳಗೇ ತುಂಡಾದರೆ?

ಉತ್ತರ: ತಪ್ಪು ಎನ್ನಲಾಗದು. ಎಪಿಡ್ಯೂರಲ್ ಜಾಗವೆಂದರೆ ಖಾಲಿ ಕೊಳವೆಯಲ್ಲ, ಬೆನ್ನುಹುರಿಯ ಪೊರೆಯ ಹೊರಗೆ ಕೊಬ್ಬು ಮತ್ತು ರಕ್ತನಾಳ ತುಂಬಿದ ಸಂದು. ಸೂಜಿ ನಟ್ಟನಡುವೆ ಹೋಗಿದ್ದರೂ ಅದರೊಳಗಿಂದ ತೂರಿಸಿದ ಮೆತ್ತನೆಯ ನಳಿಕೆ ಮುಂದೆ ಎತ್ತ ಹೊರಳುತ್ತದೆ ಎಂಬುದು ಹಾಕುವವರ ಕೈಯಲ್ಲಿಲ್ಲ. ಉದ್ದ ಹೆಚ್ಚಾದಷ್ಟೂ ಅದು ಪಕ್ಕಕ್ಕೆ ಸರಿದು, ನರ ಹೊರಬೀಳುವ ಕಿಂಡಿಯ ಬಳಿ ಕೂತುಬಿಡುವ ಸಂಭವ ಹೆಚ್ಚು. ಆಗ ಔಷಧವೆಲ್ಲ ಒಂದೇ ಬದಿಗೆ. ತೀರಾ ಕಡಿಮೆ ಬಿಟ್ಟರೋ, ತಾಯಿ ಮಗ್ಗುಲು ಬದಲಿಸುವಾಗ ಕಳಚಿ ಬರುತ್ತದೆ. ಅದಕ್ಕೇ 3ರಿಂದ 5 ಸೆಂ.ಮೀ. ಒಳಗೆ ಬಿಡುವುದು ರೂಢಿ.

ಲೆಕ್ಕ ಸರಳ. ನಳಿಕೆ ತೂರಿಸುವ ಟೂಹಿ ಸೂಜಿಯ ಮೇಲೂ ನಳಿಕೆಯ ಮೇಲೂ ಸೆಂ.ಮೀ. ಗುರುತುಗಳಿರುತ್ತವೆ. ಚರ್ಮದಿಂದ 5 ಸೆಂ.ಮೀ. ಆಳದಲ್ಲಿ ಜಾಗ ಸಿಕ್ಕಿ, 4 ಸೆಂ.ಮೀ. ಒಳಗೆ ಬಿಡಬೇಕೆಂದರೆ ಚರ್ಮದ ಬಳಿ 9ರ ಗುರುತು ಕಾಣಬೇಕು. ಜಾಗದ ಆಳ, ಚರ್ಮದ ಬಳಿಯ ಗುರುತು, ಈ ಎರಡು ಅಂಕಿ ಕೇಸ್ ಶೀಟ್‌ನಲ್ಲಿ ಇಲ್ಲದಿದ್ದರೆ ಆಮೇಲೆ ಬಂದವರು ಎಳೆಯುವುದೆಲ್ಲ ಬರೀ ಅಂದಾಜು. ಒಂದೇ ಬದಿ ಹಿಡಿದಾಗ 1–2 ಸೆಂ.ಮೀ. ಹಿಂದೆಳೆದು, ಸಿರಿಂಜಿನಿಂದ ಹೀರಿ ರಕ್ತವಾಗಲಿ ಬೆನ್ನುಹುರಿಯ ಸುತ್ತಲಿನ ನೀರಾಗಲಿ ಬರುತ್ತಿಲ್ಲವೆಂದು ನೋಡಿ, ಮತ್ತೆ ಔಷಧ ಕೊಡುತ್ತಾರೆ. ಆಗಲೂ ಹಿಡಿಯದಿದ್ದರೆ ಪಟ್ಟು ಹಿಡಿದು ಕೂರಬಾರದು, ತೆಗೆದು ಹೊಸದು ಹಾಕುವುದೇ ಮೇಲು.

ಪ್ಲಾಸ್ಟರ್ ಅಂಟಿಸುವ ಹೊತ್ತೂ ಮುಖ್ಯ. ಬೆನ್ನು ಬಾಗಿಸಿ ಕುಳಿತವರು ನೆಟ್ಟಗಾದಾಗ ಚರ್ಮದಿಂದ ಆ ಜಾಗಕ್ಕಿರುವ ದೂರ ಹೆಚ್ಚುತ್ತದೆ. ಬಾಗಿದ್ದಾಗಲೇ ಅಂಟಿಸಿದರೆ, ಆ ಹೆಚ್ಚಿದ ದೂರದಷ್ಟು ನಳಿಕೆ ಜಾಗದಿಂದ ಹೊರಗೆ ಜಾರುತ್ತದೆ. ಬೆನ್ನು ನೆಟ್ಟಗಾದ ಮೇಲೆ ಅಂಟಿಸಬೇಕು.

ಇನ್ನು ತುಂಡಾಗುವ ಭಯ. ನೈಲಾನ್ ಅಥವಾ ಪಾಲಿಯುರೆಥೇನ್ ನಳಿಕೆ ಅಷ್ಟು ಸುಲಭಕ್ಕೆ ಹರಿಯುವುದಿಲ್ಲ. ನಿಜವಾದ ಅಪಾಯ ಸೂಜಿ ಇನ್ನೂ ಒಳಗಿರುವಾಗ: ನಳಿಕೆಯನ್ನು ಸೂಜಿಯ ಮೂಲಕ ಹಿಂದೆಳೆದರೆ ಅದರ ಚೂಪು ಅಂಚು ಕೊಯ್ದುಬಿಡಬಹುದು. ತೆಗೆಯಲೇಬೇಕಾದರೆ ಎರಡನ್ನೂ ಒಟ್ಟಿಗೇ ತೆಗೆಯಬೇಕು. ನಿಮ್ಮ ಹೆಂಡತಿಗೆ ಎಳೆದಾಗ ಸೂಜಿ ಇರಲೇ ಇಲ್ಲ.

ಕೊನೆಗೆ ತೆಗೆಯುವಾಗ ಮಗ್ಗುಲಾಗಿ, ಮೊಣಕಾಲು ಮಡಚಿ ಮಲಗಿಸಿ ಒಂದೇ ಸಮನೆ ಮೆಲ್ಲಗೆ ಎಳೆಯುತ್ತಾರೆ. ಬರದಿದ್ದರೆ, ಎಳೆದಂತೆ ನಳಿಕೆ ಸಣ್ಣಗಾಗತೊಡಗಿದರೆ, ನಿಲ್ಲಿಸಿ ಹಾಕುವಾಗಿನ ಭಂಗಿಗೇ ತಂದು ನೋಡುವುದು. ಹೊರಬಂದ ಮೇಲೆ ತುದಿ ಪೂರ್ತಿ ಇದೆಯೇ ಎಂದು ನೋಡಿ ಬರೆದಿಡಬೇಕು. ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಮ್ಮೆ ಎನಾಕ್ಸಪಾರಿನ್ 40 ಮಿ.ಗ್ರಾಂ. ಕೊಡುತ್ತಿದ್ದರೆ, ಕೊನೆಯ ಇಂಜೆಕ್ಷನ್ ಆಗಿ 12 ಗಂಟೆ ಕಳೆದ ಮೇಲೆಯೇ ತೆಗೆಯುವುದು, ಮುಂದಿನದಕ್ಕೆ ಕನಿಷ್ಠ 4 ಗಂಟೆ ಬಿಡುವುದು. ಒಳಗೆ ರಕ್ತ ಸೋರಿ ಗಂಟುಕಟ್ಟಿದರೆ ನರಗಳು ಅದುಮಿಹೋಗುತ್ತವೆ.

ತೆಗೆದ ಮೇಲೆ ಕಾಲಿನ ಜೋಮು ಇಳಿಯುವ ಬದಲು ಹೆಚ್ಚಿದರೆ, ಕಾಲು ಎತ್ತಲಾಗದಿದ್ದರೆ, ಮೂತ್ರ ಕಟ್ಟಿದರೆ, ಜ್ವರದ ಜೊತೆ ಬೆನ್ನು ವಿಪರೀತ ನೋಯತೊಡಗಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.