ಆಪರೇಷನ್ನಿಗೆ ಮುಂಚಿನ ಇಂಜೆಕ್ಷನ್

ಪ್ರಶ್ನೆ: ಅಮ್ಮನಿಗೆ ಕಾರವಾರದಲ್ಲಿ ಹರ್ನಿಯಾ ಆಪರೇಷನ್. ಮೊದಲೆಲ್ಲ ವಾರ್ಡಿನಲ್ಲೇ ಮಾರ್ಫಿನ್ (ಬಲವಾದ ನೋವಿನ ಮದ್ದು) ಚುಚ್ಚುತ್ತಿದ್ದರಂತೆ, ಈಗೇಕಿಲ್ಲ? – ಓದುಗರು, ಶಿರಸಿ

ಉತ್ತರ: ನಿಧಾನವಾಗಿ ಹಿಡಿಯುವ ಹಳೆಯ ಅರಿವಳಿಕೆಯಾದ ಈಥರ್ ಕಾಲದಲ್ಲಿ ಅದು ಬೇಕಿತ್ತು. ಈಗಿನ ಅರಿವಳಿಕೆ ಬೇಗ ಹಿಡಿಯುತ್ತದೆ. ಮದ್ದಿನ ನಿಜವಾದ ಗುಣ ತಿಳಿಯಲು ಒಂದು ಗುಂಪಿಗೆ ಮಾರ್ಫಿನ್, ಇನ್ನೊಂದಕ್ಕೆ ಅಷ್ಟೇ ಅಳತೆಯ ಬರೀ ಸಲೈನನ್ನು (ಮದ್ದಿಲ್ಲದ ಉಪ್ಪುನೀರು) ಚೀಟಿ ಎತ್ತಿದಂತೆ ಹಂಚಬೇಕು. ಯಾವುದು ಯಾವುದೆಂದು ಚುಚ್ಚುವವರಿಗೂ ಗೊತ್ತಿರಬಾರದು. ಇಂಜೆಕ್ಷನ್ ಆಯಿತೆಂಬ ನಂಬಿಕೆಗೇ ಸಮಾಧಾನವಾಗುವವರಿದ್ದಾರೆ ನೋಡಿ. ಹಾಗೆ ಪರೀಕ್ಷಿಸಿ ನೋಡಿದರೆ, ನೋವಿಲ್ಲದವರಿಗೆ ಮಾರ್ಫಿನ್ ಮಂಪರು ತಂದೀತು, ಭಯ ಅಷ್ಟಾಗಿ ತಗ್ಗಿಸದು. ಮೇಲಿಂದ ವಾಕರಿಕೆ, ತುರಿಕೆ. ಉಸಿರೂ ನಿಧಾನವಾಗುತ್ತದೆ, ವಯಸ್ಸಾದವರಿಗೆ ಅದೇ ಅಪಾಯ. ಮೂಳೆ ಮುರಿದು ನರಳುವವರ ಮಾತು ಬೇರೆ.

ಊಟ 6 ಗಂಟೆ ಮೊದಲೇ ನಿಲ್ಲಿಸಿ. ಗಂಜಿ ತಿಳಿಯೂ ಊಟವೇ! ವೈದ್ಯರು ಬೇಡವೆನ್ನದಿದ್ದರೆ ಬರೀ ನೀರು 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ಹೆದರಿಕೆಯಿದ್ದರೆ ಅರಿವಳಿಕೆ ವೈದ್ಯರಿಗೆ ಹಿಂದಿನ ದಿನವೇ ಹೇಳಿ.