ಅದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ

ಲೂಪಸ್‌ಗೆ (ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಕೊಡುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯ ಡೋಸ್ ಹೆಚ್ಚಿಸಿದ ಮೇಲೆ ನಿದ್ದೆಯಿಲ್ಲ, ಸಣ್ಣದಕ್ಕೂ ಸಿಟ್ಟು, ಅಳು, ನನ್ನ ಮನಸ್ಸೇ ಇಷ್ಟು ದುರ್ಬಲವಾ ಎಂದು ಕೇಳಿದ್ದೀರಿ. ಅಲ್ಲ. ಆ ಮಾತ್ರೆಗೇ ನಿದ್ದೆ ಕೆಡಿಸುವ, ಮೂಡ್ ಏರುಪೇರು ಮಾಡುವ ಗುಣ ಇದೆ. ಡೋಸ್ ಜಾಸ್ತಿಯಾದರೆ ಇದೂ ಜಾಸ್ತಿ. ಕೆಲವರಲ್ಲಿ ಲೂಪಸ್ಸೇ ಮಿದುಳಿಗೂ ತಟ್ಟುತ್ತದೆ. ನಿಮ್ಮದು ಯಾವುದು ಎಂದು ಡಾಕ್ಟರೇ ನೋಡಿ ಹೇಳಬೇಕು, ಮುಂದಿನ ಚೆಕಪ್‌ವರೆಗೆ ಕಾಯಬೇಡಿ.

ನನಗೂ ಹೀಗಾಗಿತ್ತು. ರಾತ್ರಿ ಎರಡಕ್ಕೆ ಎದ್ದು ಅಡುಗೆಮನೆ ಡಬ್ಬಿಗಳನ್ನೆಲ್ಲ ತೊಳೆದಿಟ್ಟಿದ್ದೆ! ಡಾಕ್ಟರ್ ಮಾತ್ರೆಯನ್ನು ಬೆಳಗಿನ ತಿಂಡಿ ಆದಮೇಲೆ ತಗೊಳ್ಳಲು ಹೇಳಿದರು, ನಿದ್ದೆ ಸ್ವಲ್ಪ ಸುಧಾರಿಸಿತು. ಆದರೆ ನೀವಾಗೇ ನಿಲ್ಲಿಸಬೇಡಿ, ಸ್ಟೀರಾಯ್ಡ್ ದಿಢೀರನೆ ಬಿಟ್ಟರೆ ಅಪಾಯ.

"ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಅನ್ನುವ ನೆಂಟರಿಗೆ ಸುಮ್ನೆ ಉತ್ತರ ಕೊಡುತ್ತಾ ಕೂರಬೇಡಿ. ತೀರಾ ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.