ಸಂಪಾದಕರ ಉತ್ತರ: ನಿಮ್ಮಪ್ಪನ ಬಗ್ಗೆ ನಾಲ್ಕು ಪುಟ ಸಾಲದು

ಆತ್ಮೀಯ ಸೋದರಿ,

ತಿಪಟೂರು ತಾಲೂಕಿನ ನಿಮ್ಮೂರಿನ ಬಗ್ಗೆ ಬೆಂಗಳೂರಿನಿಂದ ನೀವು ಬರೆದ ಕಾಗದ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಎಂದು ಕಾಗದದ ಸಾರಾಂಶವನ್ನು ಇಲ್ಲಿ ಹೇಳಿಬಿಡುತ್ತೇನೆ.

ನಿಮ್ಮ ತಂದೆ 2024ರ ಶ್ರಾವಣದಲ್ಲಿ ತೀರಿಕೊಂಡರು. ವರ್ಷದ ತಿಥಿಗೆ ಒಂದು ಸಣ್ಣ ಪುಸ್ತಕ ಮಾಡಿ ನೆಂಟರಿಷ್ಟರಿಗೆ ಹಂಚೋಣ ಎಂದು ಅಣ್ಣಂದಿರಿಬ್ಬರೂ ಹೇಳಿದ್ದಾರೆ. ಓದಿದವಳು ನೀನೇ, ನಾಲ್ಕು ಪುಟ ಬರಿ ಎಂದು ಕೆಲಸ ಒಪ್ಪಿಸಿದ್ದಾರೆ. ನೀವು ಅರ್ಧ ಪುಟಕ್ಕೇ ನಿಂತಿದ್ದೀರಿ. “ಅಪ್ಪ ದೊಡ್ಡ ಮನುಷ್ಯರಲ್ಲ. ಹುಟ್ಟಿದರು, ತೋಟ ಮಾಡಿದರು, ಮೂರು ಮಕ್ಕಳನ್ನು ಸಾಕಿದರು, ಹೋದರು. ಪಂಚಾಯ್ತಿ ಮೆಂಬರ್ ಕೂಡ ಆದವರಲ್ಲ. ಇನ್ನೇನು ಬರೆಯಲಿ?” ಎಂದು ಕೇಳಿದ್ದೀರಿ. ಕೊನೆಯಲ್ಲಿ ಇನ್ನೆರಡು ಮಾತಿವೆ. ತೀರಿಕೊಳ್ಳುವ ಮುಂಚೆ ಅಪ್ಪ ಎರಡು ದಿನ ಎದೆ ಉರಿ ಎನ್ನುತ್ತಿದ್ದರು, ಮನೆಯವರೆಲ್ಲ ಗ್ಯಾಸ್ ಅಂದುಕೊಂಡಿರಿ, ಅದನ್ನು ಬರೆಯಬೇಕೋ ಬೇಡವೋ ಎಂಬುದು ಒಂದು. ತಿಥಿಗೆ ಬಂದಾಗ ಯಾವುದೋ ಕಾಗದಕ್ಕೆ ಸಹಿ ಹಾಕಬೇಕಂತೆ ಎಂಬುದು ಇನ್ನೊಂದು. “ಅದು ನಿಮಗೆ ಸಂಬಂಧಪಟ್ಟದ್ದಲ್ಲ ಬಿಡಿ” ಎಂದಿದ್ದೀರಿ. ಅದಕ್ಕೂ ಬರುತ್ತೇನೆ.

ನೀವು ಕಳಿಸಿದ ಅರ್ಧ ಪುಟ ಓದಿದೆ. ಸರಳ ಸಜ್ಜನರು, ಕಷ್ಟಜೀವಿ, ಊರಿಗೆಲ್ಲ ಬೇಕಾದವರು ಎಂದಿದೆ. ಸುಳ್ಳಲ್ಲ. ಆದರೆ ಫೋಟೋ ಬದಲಿಸಿದರೆ ಅದೇ ಅರ್ಧ ಪುಟ ಪಕ್ಕದ ಮನೆಯವರ ತಿಥಿಗೂ ಆಗುತ್ತದೆ. ಸನ್ಮಾನ, ಪದವಿ, ಚುನಾವಣೆ ಇಂಥವನ್ನು ಹುಡುಕುತ್ತಾ ಕೂತರೆ ಬೇಸಾಯಗಾರನ ಬದುಕು ಖಾಲಿಯಾಗಿಯೇ ಕಾಣುತ್ತದೆ. ಅವನ ಬದುಕು ಇರುವುದು ಅವನು ಮಾಡಿದ ತೀರ್ಮಾನಗಳಲ್ಲಿ. ಏನು ನೆಡಬೇಕು, ಯಾವಾಗ ಸಾಲ ಮಾಡಬೇಕು, ಯಾವ ಎತ್ತು ಮಾರಬೇಕು, ಯಾವ ಮಗುವನ್ನು ಓದಿಸಬೇಕು. ತಪ್ಪಿದರೆ ಇಡೀ ಮನೆ ಒಪ್ಪೊತ್ತು ಉಣ್ಣಬೇಕಾದ ತೀರ್ಮಾನಗಳು ಅವು. ನಿಮ್ಮಪ್ಪ ಐವತ್ತು ವರ್ಷ ಅಂಥವನ್ನು ಮಾಡುತ್ತಾ ಬಂದರು. ಅವನ್ನು ಬರೆಯಿರಿ.

ಹುಟ್ಟಿದ ದಿನ 1-6-1951 ಎಂದು ಆಧಾರ್ ನೋಡಿ ಬರೆದಿದ್ದೀರಿ. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಜೂನ್ ಒಂದು ಎಂದು ಬರೆದುಕೊಂಡದ್ದೇ ಜಾಸ್ತಿ. ನಿಮ್ಮ ದೊಡ್ಡತ್ತೆ ಇನ್ನೂ ಗಟ್ಟಿಯಾಗಿದ್ದಾರೆ ಎಂದಿದ್ದೀರಲ್ಲ, ಅವರನ್ನು ಕೇಳಿ. ತಾರೀಖು ಕೇಳಬೇಡಿ. ನಿಮ್ಮ ತಮ್ಮ ಹುಟ್ಟಿದಾಗ ಕೆರೆ ಕೋಡಿ ಬಿದ್ದಿತ್ತಾ, ಯಾರ ಮದುವೆ ನಡೆದಿತ್ತು, ಹೊಲದಲ್ಲಿ ಏನು ಪೈರಿತ್ತು ಎಂದು ಕೇಳಿ. 1965-66ರ ಬರಗಾಲದಲ್ಲಿ ನಿಮ್ಮಪ್ಪನಿಗೆ ಹದಿನಾಲ್ಕೋ ಹದಿನೈದೋ ಇರಬೇಕು. ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿಯನ್ನು ದೇಶ ಉಂಡ ವರ್ಷಗಳು ಅವು. ರಾಗಿ ಮುದ್ದೆ ಬಿಟ್ಟು ಬೇರೆ ಕಾಣದ ಮನೆಯಲ್ಲಿ ಆಗ ಒಲೆ ಮೇಲೆ ಏನಿತ್ತು? ಅತ್ತೆಗೆ ಖಂಡಿತ ನೆನಪಿರುತ್ತದೆ.

“ಕೆರೆ ಹಿಂದಿನ ಎರಡು ಎಕರೆ ಹೇಗೋ ಬಂತಂತೆ, ಅಪ್ಪ ಅದರ ಬಗ್ಗೆ ಮಾತಾಡುತ್ತಿರಲಿಲ್ಲ” ಎಂಬ ಸಾಲನ್ನು ನೀವು ಹಾಗೇ ದಾಟಿಬಿಟ್ಟಿದ್ದೀರಿ. ನನಗೆ ಅಲ್ಲಿಂದ ಮುಂದೆ ಹೋಗಲು ಆಗಲಿಲ್ಲ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಗೇಣಿಗೆ ಉಳುವವನನ್ನೇ ಜಮೀನಿನ ಒಡೆಯನನ್ನಾಗಿ ಮಾಡುವ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಬೇಕಿತ್ತು. ಹಳ್ಳಿಯವರ ಬಾಯಲ್ಲಿ ಅದು ಡಿಕ್ಲರೇಷನ್. ತಾಲೂಕು ಭೂ ನ್ಯಾಯಮಂಡಳಿ ಎದುರು ಗೇಣಿಗೆ ಉಳುತ್ತಿದ್ದವನೂ ಜಮೀನಿನ ಒಡೆಯನೂ ಎದುರುಬದುರು ನಿಲ್ಲಬೇಕಿತ್ತು. ನಿನ್ನೆಯವರೆಗೆ ಬುದ್ಧಿ, ಸ್ವಾಮಿ ಎಂದು ಕೈಕಟ್ಟಿ ನಿಂತವರ ಮುಂದೆ “ಈ ಭೂಮಿ ನಾನು ಉಳ್ತಿದ್ದೀನಿ” ಎನ್ನುವುದು ಸುಮ್ನೆ ಮಾತಲ್ಲ. ದಾಕ್ಷಿಣ್ಯಕ್ಕೆ ಬಿದ್ದು ಅರ್ಜಿಯನ್ನೇ ಹಾಕದವರಿದ್ದರು. ಅರ್ಜಿ ಹಾಕುವ ಗಡುವು ಮುಂದೆ ಹೋಗುತ್ತಾ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ಆಗ ನಿಮ್ಮಪ್ಪ ಇಪ್ಪತ್ತರ ಹರೆಯದವರು. ಅರ್ಜಿಗೆ ಸಹಿ ಹಾಕಿದವರು ತಾತನೋ ಅಪ್ಪನೋ? ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೇ ಪಹಣಿ, ಮ್ಯುಟೇಷನ್‌ಗಳ (ಜಮೀನು ಯಾರ ಹೆಸರಲ್ಲಿತ್ತು, ಯಾರ ಹೆಸರಿಗೆ ಹೋಯಿತು ಎಂಬ ದಾಖಲೆಗಳ) ನಕಲು ಕೇಳಿ ನೋಡಿ. ಆ ಎರಡು ಎಕರೆಗೆ ಬೇರೆಯದೇ ಕಥೆ ಇದ್ದರೂ ಇರಬಹುದು, ಕ್ರಯವೋ ಭೋಗ್ಯವೋ. ಅಥವಾ ಅದೇ ಕಾಲದಲ್ಲಿ ನಿಮ್ಮ ಮನೆಯೇ ಭೂಮಿ ಕಳೆದುಕೊಂಡಿದ್ದೂ ಇರಬಹುದು. ಯಾವುದಾದರೂ ಸರಿ, ಅಪ್ಪ ಮಾತಾಡದೆ ಬಿಟ್ಟಿದ್ದರಲ್ಲಿ ಏನೋ ಇದೆ.

ಇನ್ನು ತೋಟ. “ಮೂರು ಎಕರೆ ಕಲ್ಲು ಹೊಲವನ್ನು ಅಪ್ಪ ತೆಂಗಿನ ತೋಟ ಮಾಡಿದರು.” ನಿಮ್ಮ ಅರ್ಧ ಪುಟದಲ್ಲಿ ಇದು ಒಂದೇ ಸಾಲು. ಇದೊಂದೇ ಎರಡು ಪುಟ ತುಂಬಿಸುತ್ತದೆ.

ಎಕರೆಗೆ ನಲವತ್ತರಿಂದ ಐವತ್ತು ಗುಂಡಿ. ಮೂರು ಎಕರೆಗೆ ಎಷ್ಟಾಯಿತು ಲೆಕ್ಕ ಹಾಕಿ. ಕಲ್ಲು ಹೊಲದಲ್ಲಿ ಅಷ್ಟು ಗುಂಡಿಗಳನ್ನು ಹಾರೆ, ಗುದ್ದಲಿಯಲ್ಲಿ ತೆಗೆದವರು ಯಾರು? ಕೆರೆ ಗೋಡು, ಅಂದರೆ ಕೆರೆಯ ಹೂಳು ಮಣ್ಣು, ಎಷ್ಟು ಗಾಡಿ ಬಿತ್ತು? ನಿಮ್ಮ ಕಡೆಯ ಎತ್ತರದ ತಳಿ ಫಲ ಕೊಡಲು ಆರೇಳು ವರ್ಷ ಕಾಯಿಸುತ್ತದೆ. ಅಷ್ಟು ವರ್ಷ ಸಸಿ ನಡುವೆ ರಾಗಿ, ಹುರುಳಿ, ಅವರೆ ಬಿತ್ತಿ ಉಂಡಿರಬೇಕು. ರಾಗಿ ಯಾವುದು ಹಾಕುತ್ತಿದ್ದರು, ಅದನ್ನೂ ಕೇಳಿ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ ಕಾಲ ಅದು. ಹೊಸ ಬೀಜ ನಂಬಿ ಮೊದಲ ವರ್ಷವೇ ಬಿತ್ತಿದವರಾ ನಿಮ್ಮಪ್ಪ, ಅಥವಾ ಪಕ್ಕದವರ ಹೊಲ ನೋಡಿ ಆಮೇಲೆ ಬಿತ್ತಿದವರಾ? ಮನುಷ್ಯ ಎಂಥವರು ಎಂದು ಅದೊಂದರಲ್ಲೇ ಗೊತ್ತಾಗುತ್ತದೆ.

ಬೇಸಿಗೆಯಲ್ಲಿ ಆ ಸಸಿಗಳಿಗೆ ನೀರು ಹೊತ್ತವರು ಯಾರು? ಇಲ್ಲಿ ನಿಮ್ಮನ್ನು ಸ್ವಲ್ಪ ತಡೆಯಬೇಕು. ನೀವು ಬರೆದ ಅರ್ಧ ಪುಟದಲ್ಲಿ ಅಮ್ಮನ ಸುದ್ದಿಯೇ ಇಲ್ಲ. “ಪತ್ನಿ, ಇಬ್ಬರು ಗಂಡು, ಒಬ್ಬಳು ಹೆಣ್ಣುಮಗಳನ್ನು ಅಗಲಿದ್ದಾರೆ” ಎಂಬಲ್ಲಿ ಮಾತ್ರ ಬಂದಿದ್ದಾರೆ. ಕೊಡ ಹೊತ್ತವರು, ಡೇರಿಗೆ ಹಾಲು ಹಾಕಿ ವಾರದ ಸಂತೆ ನಡೆಸಿದವರು, ಆಳುಗಳಿಗೆ ಬುತ್ತಿ ಕಟ್ಟಿದವರು ಅವರೇ ಅಲ್ವಾ? ಅಮ್ಮನನ್ನು ಬಿಟ್ಟು ಬರೆದರೆ ಅಪ್ಪನ ಲೆಕ್ಕ ಕೂಡುವುದಿಲ್ಲ. ಅಣ್ಣಂದಿರು ಇಲ್ಲದ ಹೊತ್ತಲ್ಲಿ ಅಮ್ಮನ ಜೊತೆ ಒಬ್ಬರೇ ಕೂತುಕೊಳ್ಳಿ. ಗಂಡುಮಕ್ಕಳ ಎದುರು ಬಾರದ ಮಾತು ಎಷ್ಟೋ ಆಗ ಬರುತ್ತದೆ.

ಅಟ್ಟದ ವಿಷಯ ನಿಮಗೆ ಗೊತ್ತಿರುವುದರಿಂದಲೇ ಬರೆದಿಲ್ಲ ಅನ್ನಿಸುತ್ತದೆ. ಆದರೆ ನಿಮ್ಮ ಮಕ್ಕಳಿಗೆ ಗೊತ್ತಿಲ್ಲ. ತಿಪಟೂರಿನ ಉಂಡೆ ಕೊಬ್ಬರಿ ಮರದಿಂದ ಇಳಿದ ಕೂಡಲೇ ದುಡ್ಡಾಗುವುದಿಲ್ಲ. ಬಲಿತ ಕಾಯಿ ಅಟ್ಟದ ಮೇಲೆ ಎಂಟು ತಿಂಗಳೋ ವರ್ಷವೋ ಕೂರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಸದ್ದು ಬರಬೇಕು. ಅಂದರೆ ಈ ವರ್ಷದ ಖರ್ಚಿಗೆ ಹೋದ ವರ್ಷದ ಕಾಯಿ. ನಡುವೆ ಮದುವೆಯೋ ಆಸ್ಪತ್ರೆಯೋ ಬಂದರೆ ಎರಡೇ ದಾರಿ. ಹಸಿ ಕಾಯಿ ಸಿಕ್ಕಿದ ಬೆಲೆಗೆ ಮಾರುವುದು, ಇಲ್ಲವೇ ಕೊಬ್ಬರಿ ಕೊಳ್ಳುವವರ ಮಂಡಿಯಲ್ಲಿ ಮುಂಗಡ ತಂದು ಮುಂದಿನ ಕೊಬ್ಬರಿಯನ್ನು ಅಲ್ಲಿಗೇ ಹಾಕುವುದು. ನಿಮ್ಮ ಮದುವೆಗೆ ಅಪ್ಪ ಯಾವುದು ಮಾಡಿದರು? ಮಂಡಿ ಚೀಟಿಗಳು ತೊಲೆ ಸಂದಿಯಲ್ಲೋ ಟ್ರಂಕಿನಲ್ಲೋ ಇರುತ್ತವೆ. ಸುಣ್ಣ ಹೊಡೆಸುವ ಮುಂಚೆ ಹುಡುಕಿ.

“ಅಪ್ಪ ಅಟ್ಟಕ್ಕೆ ಹಾಕಿದ್ದ ಕಾಯಿಯನ್ನು ಅಣ್ಣ ಮೊನ್ನೆ ಮಾರಿದ, ಒಳ್ಳೇ ರೇಟು ಸಿಕ್ಕಿತು” ಎಂದೂ ಬರೆದಿದ್ದೀರಿ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಎಂದಿದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಗಿತ್ತು. ಅದೇ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ನಿಮ್ಮಪ್ಪ ಕಂಡ ಕೊನೆಯ ಪೂರ್ತಿ ವರ್ಷ ಅದು. 2025ರಲ್ಲಿ ಕೊಬ್ಬರಿ 20,000 ದಾಟಿತು. ಅಷ್ಟು ಬೆಲೆಯನ್ನು ಅವರು ಜನ್ಮದಲ್ಲಿ ಕಂಡವರಲ್ಲ. ಅವರ ಕೈಯಿಂದಲೇ ಅಟ್ಟ ಹತ್ತಿದ ಕಾಯಿ ಅವರು ಹೋದ ಮೇಲೆ ಆ ಬೆಲೆಗೆ ಹೋಯಿತು. ಇದನ್ನು ಓದಿದಾಗ ನನಗೆ ಬಹಳ ಸಂಕಟವಾಯಿತು. ದಯವಿಟ್ಟು ಪುಸ್ತಕದಲ್ಲಿ ಇದಿರಲಿ.

ಸಾಲ, ಸೋಲುಗಳನ್ನೂ ಮುಚ್ಚಿಡಬೇಡಿ. 2001ರಿಂದ 2004ರವರೆಗೆ ಸಾಲಾಗಿ ಬರ ಬಂದಾಗ ನಿಮ್ಮ ಭಾಗದಲ್ಲಿ ಬೋರು ಕೊರೆಸದವರು ಕಡಿಮೆ. ನೀರು ಬಿದ್ದ ಬೋರಿಗೆ ಪೂಜೆ ಮಾಡಿ ಫೋಟೋ ತೆಗೆಸುತ್ತಾರೆ. ಫೇಲಾದದ್ದರ ಬಗ್ಗೆ ಯಾರೂ ಬರೆಯುವುದಿಲ್ಲ, ಅದರ ಸಾಲ ಮಾತ್ರ ಹತ್ತು ವರ್ಷ ತೀರಿಸುತ್ತಾರೆ. ನುಸಿ ಬಂದಾಗ, ಅಣಬೆ ರೋಗ ಬಂದಾಗ ಎಷ್ಟು ಮರ ಹೋದವು ಎಂದು ಕೇಳಿದರೆ ತೋಟದವರು ಸಾಲು ಸಮೇತ ಹೇಳುತ್ತಾರೆ. ಅಣ್ಣಂದಿರಿಗೆ ಅದು ಗೊತ್ತಿರುತ್ತದೆ.

ಅಪ್ಪನಿಗೆ ಕೋಪ ಜಾಸ್ತಿ, ಎಸ್‌ಎಸ್‌ಎಲ್‌ಸಿ ಆದ ಮೇಲೆ ಹುಡುಗಿಗೆ ಓದು ಸಾಕು ಎಂದಿದ್ದರು, ಮೂರು ತಿಂಗಳು ಬಿಟ್ಟು ತಾವೇ ಕಾಲೇಜಿಗೆ ಕರೆದುಕೊಂಡು ಹೋಗಿ ಸೇರಿಸಿದರು ಎಂದಿದ್ದೀರಿ. ಇದು ಪುಸ್ತಕಕ್ಕೆ ಬೇಡವೇನೋ ಎಂದು ಕಂಸದಲ್ಲಿ ಹಾಕಿದ್ದೀರಿ. ನನ್ನ ಪ್ರಕಾರ ಇಡೀ ಕಾಗದದಲ್ಲಿ ನಿಮ್ಮಪ್ಪ ನನ್ನ ಕಣ್ಣಿಗೆ ಕಂಡದ್ದು ಅಲ್ಲೇ. ಬೇಡ ಎಂದ ಗಂಡಸು ಮನಸ್ಸು ಬದಲಿಸಿದ. ಆ ಮೂರು ತಿಂಗಳಲ್ಲಿ ಮನೆಯಲ್ಲಿ ಏನು ನಡೆಯಿತು? ಅಮ್ಮ ಏನಂದರು? ಬೈದದ್ದನ್ನೂ ಬರೆಯಿರಿ, ಸೇರಿಸಿದ್ದನ್ನೂ ಬರೆಯಿರಿ. ಬರೀ ಒಳ್ಳೆಯದನ್ನೇ ಬರೆದರೆ ಅವರನ್ನು ಬಲ್ಲ ಊರಿನವರು ಒಂದು ಪುಟವನ್ನೂ ನಂಬುವುದಿಲ್ಲ.

ಈಗ ಆ ಎರಡು ದಿನದ ಎದೆ ಉರಿ. ಬರೆಯಿರಿ, ಸೋದರಿ. ಮರೆಮಾಡಬೇಡಿ. ಸೋಡಾ ಕುಡಿದರು, ಈನೋ ಹಾಕಿಕೊಂಡರು, ಸಂಜೆ ಹೊತ್ತಿಗೆ ಸರಿಹೋಯಿತು ಎಂದು ತೋಟಕ್ಕೆ ಹೋದರು ಎಂದೇ ಬರೆಯಿರಿ. ಹಳ್ಳಿಯಲ್ಲಿ ಐವತ್ತು ದಾಟಿದ ಗಂಡಸರು ಎದೆಯುರಿ, ಎಡಗೈ ಸೆಳೆತ, ಬೆವರು ಎಲ್ಲವನ್ನೂ ಗ್ಯಾಸ್ ಖಾತೆಗೆ ಹಾಕಿ ಕೆಲಸಕ್ಕೆ ಹೋಗುತ್ತಾರೆ. ಮನೆಯವರೂ ನಂಬುತ್ತಾರೆ. ನಿಮ್ಮ ಮನೆಯವರದ್ದು ನಿರ್ಲಕ್ಷ್ಯ ಎಂದು ನಾನು ಹೇಳುವುದಿಲ್ಲ. ಎಲ್ಲ ಮನೆಯಲ್ಲೂ ನಡೆಯುವುದೇ ನಿಮ್ಮಲ್ಲೂ ನಡೆಯಿತು. ತಿಥಿಗೆ ಬರುವವರಲ್ಲಿ ಅಪ್ಪನ ವಯಸ್ಸಿನವರೇ ಜಾಸ್ತಿ ಇರುತ್ತಾರೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಸರ್ಕಾರಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೃದಯಾಘಾತ ಎಂದು ಕಂಡರೆ ರಕ್ತದ ಗರಣೆ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ನೋವು ಶುರುವಾದ ಮೊದಲ ಗಂಟೆಗಳಲ್ಲೇ ಹೋಗಬೇಕು. ನಿಮ್ಮ ಪುಸ್ತಕ ಓದಿ ಒಬ್ಬರು ಇಸಿಜಿ ಮಾಡಿಸಿಕೊಂಡರೂ ಸಾಕು.

ಸಹಿಯ ವಿಷಯ ನನಗೆ ಸಂಬಂಧಪಟ್ಟದ್ದಲ್ಲ ಎಂದಿರಿ. ಕಾಗದ ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ಪಹಣಿಯಲ್ಲಿ ತೀರಿಕೊಂಡವರ ಹೆಸರೇ ಉಳಿದರೆ ಬೆಳೆ ಸಾಲ, ಪರಿಹಾರ, ಪಿಎಂ ಕಿಸಾನ್ ಎಲ್ಲಕ್ಕೂ ತೊಡಕು. ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ, ಮಾಡಿಸಲೇಬೇಕು. ಅಣ್ಣಂದಿರು ಕೇಳುತ್ತಿರುವುದು ಅದಕ್ಕೇ ಇದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷದ ಜೊತೆ ಖುಷಿಯಾಗಿ ಸಹಿ ಹಾಕಿ. ಆದರೆ ವಂಶವೃಕ್ಷದಲ್ಲಿ ನಿಮ್ಮ ಹೆಸರು, ಅಮ್ಮನ ಹೆಸರು ಇದೆಯಾ ನೋಡಿ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಹಾಕುವ ಸಹಿಯೇ ಬೇರೆ. ಅದಕ್ಕೆ ಸಹಿ ಬಿದ್ದರೆ ನಿಮ್ಮ ಪಾಲು ಹೋಯಿತು. ಅಪ್ಪನ ತಾಯಿ ಇದ್ದಿದ್ದರೆ ಅವರಿಗೂ ಪಾಲು ಬರುತ್ತಿತ್ತು, ಆದರೆ ಅಜ್ಜಿ ಈಗಿಲ್ಲ ಎಂದಿದ್ದೀರಿ. ಅಪ್ಪ ಉಯಿಲು ಬರೆಯದೆ ಹೋಗಿದ್ದರೆ ಅವರ ಪಾಲಿನಲ್ಲಿ ಅಮ್ಮ, ಇಬ್ಬರು ಅಣ್ಣಂದಿರು, ನೀವು, ನಾಲ್ವರಿಗೂ ಸಮಾನ ಹಕ್ಕಿದೆ. ಪಿತ್ರಾರ್ಜಿತದಲ್ಲೂ ಮಗಳಿಗೆ ಮಗನಷ್ಟೇ ಪಾಲು ಎಂದು 2005ರಲ್ಲಿ ಕೇಂದ್ರದ ಕಾನೂನು ಬಂತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಾಲು ಇಟ್ಟುಕೊಳ್ಳುವುದೋ ಅಣ್ಣಂದಿರಿಗೆ ಬಿಡುವುದೋ ನಿಮ್ಮಿಷ್ಟ. ಯಾವ ಕಾಗದ ಎಂದು ಓದಿ ನೋಡಿ, ಬೇಕಿದ್ದರೆ ಗೊತ್ತಿರುವ ವಕೀಲರಿಗೆ ತೋರಿಸಿ, ಮುಖ್ಯವಾಗಿ ಅಮ್ಮನ ಪಾಲು ಅಮ್ಮನ ಹೆಸರಿಗೇ ಉಳಿಯುವಂತೆ ನೋಡಿಕೊಳ್ಳಿ. ತಿಥಿಯ ದಿನದ ಗಡಿಬಿಡಿಯಲ್ಲಿ ಮಾತ್ರ ಸಹಿ ಬೇಡ, ಬೇರೆ ದಿನ ಮಾಡೋಣ ಎನ್ನಿ.

ಪುಟದ ಲೆಕ್ಕ ಬಿಟ್ಟುಬಿಡಿ. ನಾಲ್ಕು ಇದ್ದದ್ದು ಹದಿನಾಲ್ಕಾದರೆ ಪ್ರಿಂಟಿಂಗ್ ಖರ್ಚು ತುಂಬಾ ಏನೂ ಹೆಚ್ಚುವುದಿಲ್ಲ. ಬರೆದ ಮೇಲೆ ಮೊದಲು ಅಮ್ಮನಿಗೆ, ದೊಡ್ಡತ್ತೆಗೆ ಓದಿ ಹೇಳಿ. ಅವರು ಹಂಗಲ್ಲ ಹಿಂಗೆ ಎಂದದ್ದನ್ನು ತಿದ್ದಿಕೊಂಡು ಆಮೇಲೆ ಪ್ರೆಸ್ಸಿಗೆ ಕೊಡಿ. ನಮಗೂ ಒಂದು ಪ್ರತಿ ಕಳಿಸಿ. ನೀವು ಮತ್ತು ಮನೆಯವರು ಒಪ್ಪಿದರೆ ಹೆಸರು, ಊರು ಬಿಟ್ಟು ಪೂರ್ತಿ ಪ್ರಕಟಿಸುತ್ತೇವೆ.

– ಸಂಪಾದಕ